ಮುರಿದದ್ದೇ ಸಿಗಲಿ

ಹಲ್ಲು ಕಿತ್ತ ಮೇಲೆ ರಕ್ತ ನಿಲ್ಲಲಿಲ್ಲ.

ಹಲ್ಲೇನೋ ಕೀಳಬೇಕಾದದ್ದೇ. ದವಡೆಯ ಕೊನೆಯಲ್ಲಿ ಹುಳುಕು ಬಿದ್ದು, ಲವಂಗದೆಣ್ಣೆಯ ಹತ್ತಿ ಇಟ್ಟು ಇಟ್ಟು ಮಲ್ಲೇಶ್ವರಿಗೆ ಸಾಕಾಗಿತ್ತು. ಅವಳು ಗೋಗಿಯ ಸರ್ಕಾರಿ ಶಾಲೆಯ ಶಿಕ್ಷಕಿ. ಗಂಡ ಕಾಂತೇಶ ಸುರಪುರದ ತಹಶೀಲ್ ಕಚೇರಿಯಲ್ಲಿ ಗುಮಾಸ್ತ. ಇಬ್ಬರೂ ಶಹಾಪುರದಲ್ಲಿ ಮನೆ ಮಾಡಿಕೊಂಡು, ಬೆಳಿಗ್ಗೆ ಅವಳು ಒಂದು ದಿಕ್ಕಿಗೆ ಆಟೊ, ಅವನು ಇನ್ನೊಂದು ದಿಕ್ಕಿಗೆ ಬಸ್ಸು ಹಿಡಿಯುತ್ತಿದ್ದರು. ದಸರಾ ರಜೆ ಬಂದದ್ದೇ ತಡ, ಮಲ್ಲೇಶ್ವರಿ ಹಲ್ಲಿನ ಡಾಕ್ಟರ ಬಳಿ ಹೋಗಿ ಕೀಳಿಸಿಕೊಂಡು, ಹತ್ತಿ ಕಚ್ಚಿಕೊಂಡು ನಡೆದೇ ಮನೆಗೆ ಬಂದಳು.

ಹತ್ತಿ ಕೆಂಪಾಯಿತು. ಬದಲಿಸಿದಳು. ಅದೂ ಕೆಂಪಾಯಿತು. ಮರುದಿನ ಬೆಳಿಗ್ಗೆ ಏಳುವಾಗ ದಿಂಬಿನ ಮೇಲೆ ಅಂಗೈಯಗಲದ ಕಲೆ. ಮಗಳ ಮನೆಯಲ್ಲೇ ಇರುತ್ತಿದ್ದ ಅವಳ ತಾಯಿ ಸಾವಿತ್ರಿಬಾಯಿ ದಿಂಬಿನ ಚೀಲ ಕಳಚಿ ಬೆಳಕಿಗೆ ಹಿಡಿದು ನೋಡಿದಳು.

"ಒಂದ ಹಲ್ಲಿಗಿ ಇಷ್ಟ ರಕ್ತ ಹೋಗ್ತದೇನವ್ವ?"

"ಹೋಗ್ತದ ಬೇ. ಇವತ್ತ ನಿಲ್ತದ," ಎಂದಳು ಮಲ್ಲೇಶ್ವರಿ. ಮಾತಾಡಿದಾಗ ತುಟಿಯ ಮೂಲೆಯಿಂದ ಸಣ್ಣ ಕೆಂಪು ಗೆರೆ ಗದ್ದಕ್ಕೆ ಇಳಿಯಿತು.

ಕಾಂತೇಶ ಮೊದಲಿನಿಂದಲೂ ಅಂಜುವ ಸ್ವಭಾವದವನು. ಬೀಗ ಹಾಕಿ ಹತ್ತು ಹೆಜ್ಜೆ ಹೋಗಿ ಮತ್ತೆ ತಿರುಗಿ ಬಂದು ಜಗ್ಗಿ ನೋಡುವವನು. ಬಂಧುಬಳಗದ ನಡುವೆ ಕುಳಿತಾಗ ಮಲ್ಲೇಶ್ವರಿ ಅದನ್ನೇ ಅಭಿನಯಿಸಿ ತೋರಿಸಿ ಎಲ್ಲರನ್ನೂ ನಗಿಸುತ್ತಿದ್ದಳು. ಆ ಬೆಳಿಗ್ಗೆ ಅವಳು ಕುಪ್ಪಸ ಬದಲಿಸುವಾಗ ತೋಳಿನ ಒಳಬದಿ ಕಂಡು ಅವನು ಅವಳ ಕೈ ಹಿಡಿದು ನಿಲ್ಲಿಸಿದ. ನೇರಳೆ ಹಣ್ಣು ಹಿಸುಕಿ ಒರೆಸಿದಂಥ ಕಲೆಗಳು. ಬೆನ್ನಿನ ಮೇಲೂ ಇದ್ದವು.

"ಎಲ್ಲಿ ಬಿದ್ದಿದ್ದಿ?"

"ಎಲ್ಲೀನೂ ಬಿದ್ದಿಲ್ಲ. ವಾರದಿಂದ ಹಿಂಗ ಏಳಾಕತ್ಯಾವ."

"ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಅಂಜತೀರಿ ಅಂತ."

ಮೂವರೂ ಮತ್ತೆ ಹೋದಾಗ ಹಲ್ಲಿನ ಡಾಕ್ಟರು ಅವಳ ಬಾಯಿಯನ್ನು ನೋಡಿದ್ದು ಒಂದೇ ಗಳಿಗೆ. ತೋಳಿನ ಕಲೆಗಳನ್ನೇ ಹೆಚ್ಚು ಹೊತ್ತು ನೋಡಿ, ಎದುರಿನ ಲ್ಯಾಬಿನಲ್ಲಿ ರಕ್ತ ತಪಾಸಣೆ ಮಾಡಿಸಿ ಎಂದರು. ಲ್ಯಾಬಿನವನು ಒಮ್ಮೆ ರಕ್ತ ತೆಗೆದುಕೊಂಡ. ಆಮೇಲೆ ಬಂದು, ಯಂತ್ರದ ತಪ್ಪಿರಬಹುದು ಎಂದು ಇನ್ನೊಮ್ಮೆ ತೆಗೆದುಕೊಂಡ. ಎರಡನೆಯ ಸಲ ಹೊರಗೆ ಬಂದಾಗ ಅವನ ದನಿ ಬೇರೆಯಾಗಿತ್ತು.

"ಇಲ್ಲಿ ಕೂಡಬ್ಯಾಡ್ರಿ. ಸೀದಾ ಯಾದಗಿರಿಗಿ ಹೋಗ್ರಿ. ಮನಿಗಿ ಹೋಗಿ ಬಟ್ಟಿ-ಅರಬಿ ತರ್ತೀವಿ ಅಂತ ಹೊತ್ತ ಕಳೀಬ್ಯಾಡ್ರಿ."

ಓಣಿಯ ಮೆಹಬೂಬ ತನ್ನ ಕಾರು ತಂದ. ಹಿಂದಿನ ಸೀಟಿನಲ್ಲಿ ಮಲ್ಲೇಶ್ವರಿ ತಾಯಿಯ ಹೆಗಲಿಗೆ ಒರಗಿದಳು, ಬಾಯಿಗೆ ಟವೆಲ್ಲು. ಮುಂದೆ ಕುಳಿತ ಕಾಂತೇಶನಿಗೆ ರಸ್ತೆಯ ಪ್ರತಿಯೊಂದು ಗುಂಡಿಯೂ ಅವಳ ತಲೆಯೊಳಗೇ ಬಿದ್ದಂತೆ ಅನ್ನಿಸುತ್ತಿತ್ತು. "ಸಾವಕಾಶ, ಸಾವಕಾಶ," ಎನ್ನುತ್ತಿದ್ದ. ಮರುಕ್ಷಣವೇ, "ಇಷ್ಟ ಸಾವಕಾಶ ಹೋದ್ರ ಹ್ಯಾಂಗ ಮೆಹಬೂಬ?" ಎನ್ನುತ್ತಿದ್ದ. ಮೆಹಬೂಬ ಎರಡಕ್ಕೂ "ಹೌದ್ರಿ ಸರ್" ಎಂದ.

ಯಾದಗಿರಿಯ ಆಸ್ಪತ್ರೆಯಲ್ಲಿ ಅವರನ್ನು ನೋಡಿದವರು ಡಾಕ್ಟರ್ ಸರ್ವರಬೇಗಂ. ಸುರಪುರದ ರಂಗಂಪೇಟೆಯ ಹೆಣ್ಣುಮಗಳು. ಹೈದರಾಬಾದಿನಲ್ಲಿ ಓದಿ, ಅಲ್ಲಿನ ರಕ್ತರೋಗಗಳ ವಾರ್ಡಿನಲ್ಲಿ ಕೆಲಸ ಮಾಡಿ ಬಂದವರು. ಮಲ್ಲೇಶ್ವರಿಯ ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ತಾವೇ ಸೂಕ್ಷ್ಮದರ್ಶಕದ ಮುಂದೆ ಕುಳಿತರು. ಎದ್ದು ಬಂದು ಮೊದಲು ಕಲಬುರಗಿಗೆ ಫೋನು ಮಾಡಿ ಪ್ಲೇಟ್‌ಲೆಟ್ಟನ್ನೂ ಒಂದು ಗುಳಿಗೆಯನ್ನೂ ತರಿಸುವ ಏರ್ಪಾಡು ಮಾಡಿದರು. ಆಮೇಲೆ ಕಾಂತೇಶನನ್ನೂ ಸಾವಿತ್ರಿಬಾಯಿಯನ್ನೂ ಮಲ್ಲೇಶ್ವರಿಯ ಮಂಚದ ಬಳಿಯೇ ಕರೆದರು. ರೋಗಿಗೆ ಗೊತ್ತಾಗದಂತೆ ಮಾತಾಡುವುದು ಅವರ ಪದ್ಧತಿಯಲ್ಲ.

"ಸುಳ್ಳ ಹೇಳಂಗಿಲ್ಲ. ಇದು ರಕ್ತದ ಕ್ಯಾನ್ಸರ್. ಅದ್ರಾಗ ಭಾಳ ಜಾತಿ ಅವ. ನನ್ನ ಕಣ್ಣಿಗಿ ಇದು ಒಂದ ಜಾತಿದು ಕಾಣಾಕತ್ತದ. ಹಂಗಿದ್ರ ಇದಕ್ಕ ಪಕ್ಕಾ ಇಲಾಜ್ ಅದ, ಭಾಳ ಮಂದಿ ಆರಾಮ ಆಗ್ಯಾರ. ಆದ್ರ ಸುರುವಿನ ದಿನ ದಾಟೂದ ಕಠಿಣ. ಈ ರೋಗದಾಗ ರಕ್ತ ಹೆಪ್ಪುಗಟ್ಟೂದ ಮರೀತದ. ವಸಡಿನ್ಯಾಗ ಸೋರಬಹುದು, ಹೊಟ್ಟ್ಯಾಗ ಸೋರಬಹುದು, ತಲ್ಯಾಗ ಸೋರಬಹುದು."

ಕೊನೆಯ ಮಾತಿಗೆ ಕಾಂತೇಶ ಮಂಚದ ಕಂಬಿ ಹಿಡಿದುಕೊಂಡ.

"ಅದ ಜಾತಿ ಅಂತ ಹ್ಯಾಂಗ ಗೊತ್ತಾಗ್ತದ್ರಿ?" ಕೇಳಿದವಳು ಮಲ್ಲೇಶ್ವರಿ. ಬಾಯಲ್ಲಿ ಹತ್ತಿಯಿದ್ದುದರಿಂದ ಮಾತು ತೊದಲುತ್ತಿತ್ತು.

"ಟೀಚರ್ ಇದ್ದೀರಿ, ತಿಳೀತದ. ಜೀವಕೋಶದಾಗ ವರ್ಣತಂತು ಇರ್ತಾವಲ್ಲ, ಅವಕ್ಕ ನಂಬರ ಇರ್ತಾವ. ಹದಿನೈದನೇದು ಒಂದ ಕಡಿ ಹರದು, ಹದಿನೇಳನೇದು ಒಂದ ಕಡಿ ಹರದು, ತುಂಡು ಅದಲಬದಲ ಆಗಿ ಕೂಡಿದ್ರ ಈ ಜಾತಿ. ಎರಡು ಸೀರಿ ಸೆರಗ ಹರದು, ಇದರದು ಅದಕ್ಕ, ಅದರದು ಇದಕ್ಕ ಹೊಲದಂಗ. ಆ ಹೊಲಿಗಿ ಅದನೋ ಇಲ್ಲೋ ಹೈದರಾಬಾದಿನ ಲ್ಯಾಬಿನ್ಯಾಗ ನೋಡ್ತಾರ."

"ಅದು ನನ್ನ ಹೊಟ್ಟಿಲಿಂದ ಬಂತೇನ್ರಿ?" ಎಂದಳು ಸಾವಿತ್ರಿಬಾಯಿ.

"ಇಲ್ಲಮ್ಮ. ಹುಟ್ಟಿದಾಗ ಇರಲಿಲ್ಲ. ಈಗೀಗ ಯಾವುದೋ ಒಂದ ಕೋಶದಾಗ ಹರದದ. ಯಾಕ ಅಂತ ಹೇಳಾಕ ಬರಂಗಿಲ್ಲ. ನೀವೂ ಮಾಡಿಲ್ಲ, ಅವರೂ ಮಾಡಿಲ್ಲ."

"ಆ ಹೊಲಿಗಿ ಸಿಗಲಿಲ್ಲಂದ್ರ?" ಎಂದ ಕಾಂತೇಶ.

"ಹಂಗಿದ್ರ ಇದು ಬ್ಯಾರೆ ಜಾತಿ. ಈ ಗುಳಿಗಿ ನಡಿಯಂಗಿಲ್ಲ. ಗಟ್ಟಿ ಕೀಮೋ ಕೊಡಬೇಕಾಗ್ತದ. ಈ ಪರಿ ರಕ್ತ ಹೋಗೂಮುಂದ ಅದು ಭಾಳ ತ್ರಾಸಿಂದು. ಆದ್ರ ತಪಾಸಣಿ ಬರೂತನ ನಾ ಕಾಯಂಗಿಲ್ಲ. ಗುಳಿಗಿ ಇವತ್ತೇ ಸುರು."

ರಕ್ತದ ಮಾದರಿ ಹೈದರಾಬಾದಿಗೆ ಒಯ್ಯಲು ಮಲ್ಲೇಶ್ವರಿಯ ಅಣ್ಣ ಶರಣಕುಮಾರ ಬಂದ. ಗುರುಮಠಕಲ್ಲಿನಲ್ಲಿ ಲೈನ್‌ಮನ್, ತೆಲುಗು ಚೆನ್ನಾಗಿ ಬಲ್ಲವನು. ಥರ್ಮಾಕೋಲ್ ಡಬ್ಬಿಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು, ತಂಗಿಯ ಮುಖವನ್ನು ಸರಿಯಾಗಿ ನೋಡಲೂ ಧೈರ್ಯ ಸಾಲದೆ, "ಬರ್ತೀನವ್ವ" ಎಂದು ಬಸ್ಸಿಗೆ ಓಡಿದ.

ಆಮೇಲಿನದು ಕಾಯುವುದು.

ಹಳದಿ ಬಣ್ಣದ ಪ್ಲೇಟ್‌ಲೆಟ್ ಚೀಲಗಳು ಒಂದಾದ ಮೇಲೊಂದು ಏರಿದವು. ಕಂದು-ಹಳದಿ ಗುಳಿಗೆಯನ್ನು ಮಲ್ಲೇಶ್ವರಿ ಹಾಲಿನ ಜೊತೆ ನುಂಗಿದಳು. ವಸಡಿನ ರಕ್ತ ಸ್ವಲ್ಪ ಕಡಿಮೆಯಾಯಿತು ಎನ್ನುವಷ್ಟರಲ್ಲಿ ಅವಳು ಎಡಗಣ್ಣು ಉಜ್ಜಿಕೊಳ್ಳತೊಡಗಿದಳು.

"ಈ ಕಣ್ಣಿನ್ಯಾಗ ಒಂದ ಕರಿ ಮಚ್ಚಿ ಕಾಣ್ತದ. ಎತ್ತಾಗ ನೋಡಿದ್ರ ಅತ್ತಾಗ ಬರ್ತದ."

ಕಣ್ಣಿನ ಒಳಪದರದಲ್ಲಿ ರಕ್ತ ಸೋರಿತ್ತು. ಇದು ಕಣ್ಣಿಗೇ ನಿಂತರೆ ತಾನೇ ಇಂಗುತ್ತದೆ ಎಂದರು ಡಾಕ್ಟರು. ತಲೆನೋವು ಬಂದರೆ, ಮಾತು ತಪ್ಪಿದರೆ ಕೂಡಲೇ ಕರೆಯಿರಿ ಎಂದಷ್ಟೇ ಹೇಳಿಹೋದರು. ಅಂದಿನಿಂದ ಕಾಂತೇಶ ಅವಳ ಮಾತನ್ನು ಕಾಯುವ ಕಾವಲುಗಾರನಾದ. ಅವಳು ತುಸು ಹೊತ್ತು ಸುಮ್ಮನಿದ್ದರೆ ಸಾಕು, ಬಗ್ಗಿ ಕೇಳುತ್ತಿದ್ದ.

"ಮಲ್ಲೀ, ನಿಮ್ಮ ಶಾಲಿ ಹೆಡ್‌ಮಾಸ್ತರ ಹೆಸರೇನು?"

"ಗುರಪ್ಪ."

"ಹದಿಮೂರರ ಮಗ್ಗಿ ಹೇಳು."

"ನನಗ ನಿದ್ದಿ ಬರಾಕತ್ತದ."

"ಅರ್ಧಾ ಆದ್ರೂ ಹೇಳು."

ಅವಳು ಕಣ್ಣು ಮುಚ್ಚಿಕೊಂಡೇ ಹದಿಮೂರು ಐದಲಿ ಅರವತ್ತೈದರ ತನಕ ಹೇಳಿ, "ಸಾಕು. ಉಳಿದದ್ದು ನಾಳಿಗಿ ಹೋಂವರ್ಕ್," ಎಂದಳು. ಕಾಂತೇಶ ಹೊರಗೆ ಹೋಗಿ ಗೋಡೆಗೆ ಹಣೆಯಿಟ್ಟು ನಿಂತ. ಮಾತು ಸರಿಯಿತ್ತು. ಸದ್ಯಕ್ಕೆ ಸರಿಯಿತ್ತು.

ಹೊರಗಿನ ಬೆಂಚಿನಲ್ಲಿ ಸಾವಿತ್ರಿಬಾಯಿ ಕುಳಿತಿದ್ದಳು. ಅವಳ ಗಂಡ ಬದುಕಿದ್ದಾಗ ಬೌದ್ಧ ದೀಕ್ಷೆ ತೆಗೆದುಕೊಂಡ ಮನೆತನ ಅದು. ಹರಕೆ, ಮುಡಿಪು ಎಲ್ಲ ಅಂದೇ ಬಿಟ್ಟಿದ್ದರು. ಮನೆಯಲ್ಲಿ ಬುದ್ಧನ ಚಿತ್ರ, ಬಾಬಾಸಾಹೇಬರ ಚಿತ್ರ, ಹುಣ್ಣಿಮೆಗೊಂದು ವಂದನೆ. ಆದರೂ ಅವಳ ತುಟಿ ಸುಮ್ಮನಿರಲಿಲ್ಲ.

"ನನಗ ಬೇಡ್ಕೊಳ್ಳೂದು ತಿಳೀವಲ್ದು ಕಾಂತೇಶ," ಎಂದಳು. "ರೋಗ ಬ್ಯಾಡ ಅಂತ ಬೇಡೂದು ಗೊತ್ತದ. ಈ ರೋಗಾನ ಇರಲಿ, ನನ್ನ ಮಗಳ ಮೈಯ್ಯಾಗ ಅದು ಮುರದದ್ದ ಖರೆ ಆಗಲಿ ಅಂತ ಯಾವ ಬಾಯಿಲೆ ಬೇಡಲಿ?"

"ಮುರದದ್ದೇ ಸಿಗಲಿ ಅನ್ರಿ," ಎಂದ ಕಾಂತೇಶ. ತನ್ನ ಬಾಯಿಂದ ಬಂದ ಮಾತು ತನಗೇ ಭಯ ಹುಟ್ಟಿಸಿತು. ಆದರೆ ಆಮೇಲೆ ಅವನೂ ಅದನ್ನೇ ಅಂದುಕೊಳ್ಳುತ್ತ ಕುಳಿತ.

ಮರುದಿನ ಮಧ್ಯಾಹ್ನ ಸರ್ವರಬೇಗಂ ಅವನನ್ನು ಹುಡುಕಿಕೊಂಡು ಬಂದರು. ಡಾಕ್ಟರು ತಾವಾಗಿ ಹುಡುಕಿಕೊಂಡು ಬಂದರೆ ಒಳ್ಳೆಯ ಸುದ್ದಿಯಿರುವುದಿಲ್ಲ ಎಂಬುದು ಆ ವಾರ್ಡಿನಲ್ಲಿ ಎಲ್ಲರಿಗೂ ಗೊತ್ತಿತ್ತು.

"ಲ್ಯಾಬಿನಿಂದ ಫೋನ್ ಬಂತು. ಮೊದಲನೇ ತಪಾಸಣಿಯಾಗ ಸಿಕ್ಕಿಲ್ಲ."

ಕಾಂತೇಶನಿಗೆ ಮುಂದಿನ ಮಾತು ಕೇಳಿಸಲಿಲ್ಲ. ಡಾಕ್ಟರ ತುಟಿ ಅಲ್ಲಾಡುತ್ತಿತ್ತು. ಅವನ ಕಿವಿಯೊಳಗೆ ಬೋರ್‌ವೆಲ್ ಕೊರೆಯುವಂಥ ಸದ್ದು. ಬೆಂಚಿನ ಮೇಲೆ ಕೂಡಿಸಿ, ನೀರು ಕುಡಿಸಿ, ಅವರು ಮತ್ತೆ ಹೇಳಬೇಕಾಯಿತು.

"ಕೇಳ್ರಿ. ಆ ತಪಾಸಣಿ ಜಲ್ದಿ ಆಗ್ತದ, ಯಾಕಂದ್ರ ಅದು ಸಾಧಾರಣ ಎಲ್ಲಿ ಹರೀತದೋ ಅಲ್ಲೇ ಹೊಲಿಗಿ ಹುಡುಕ್ತದ. ಎಲ್ಲೋ ಒಬ್ಬರದು ಬ್ಯಾರೆ ಜಾಗಾದಾಗ ಹರದಿರ್ತದ. ಆಗ ಇದ್ದರೂ ಸಿಗಂಗಿಲ್ಲ. ಎರಡನೇ ತಪಾಸಣಿ ನಡದದ. ಅದ್ರಾಗ ಒಂದ ತುಂಡಿಗಿ ಕೆಂಪು, ಒಂದಕ್ಕ ಹಸಿರು ಬಣ್ಣ ಹಚ್ಚಿ, ಎರಡೂ ಒಂದ ಕಡಿ ಕೂಡ್ಯಾವೋ ಇಲ್ಲೋ ಕಣ್ಣಿಲೆ ನೋಡ್ತಾರ. ನಾಳಿ ತನಕ ಆಗ್ತದ."

"ಅದ್ರಾಗೂ ಸಿಗಲಿಲ್ಲಂದ್ರ?"

"ಹಂಗಿದ್ರ ನಂದು ತಪ್ಪು. ಒಂದ ದಿನ ಸುಳ್ಳೇ ಕಳದಂಗ. ಈ ರೋಗದಾಗ ಒಂದ ದಿನ ಅಂದ್ರ ಸಣ್ಣದಲ್ಲ." ಡಾಕ್ಟರು ಚಷ್ಮಾ ತೆಗೆದು ಕಣ್ಣೊತ್ತಿಕೊಂಡರು. "ಆದ್ರ ಆ ಕೋಶದಾಗ ಕಟ್ಟಗಿ ಹೊರಿ ಕಟ್ಟಿದಂಗ ಕಡ್ಡಿ ಅವ. ಅಂಥಾವು ನಾ ಈ ಜಾತಿಯಾಗೇ ನೋಡೀನಿ. ನನಗೂ ಅಂಜಿಕಿ ಅದ. ಆದ್ರ ಗುಳಿಗಿ ನಿಲ್ಲಸ್ರಿ ಅಂತ ನಾ ಹೇಳಂಗಿಲ್ಲ."

ಹೈದರಾಬಾದಿನಿಂದ ಶರಣಕುಮಾರ ಫೋನಿನಲ್ಲಿ ಕೂಗುತ್ತಿದ್ದ. "ಆ ಗುಳಿಗಿ ಬಿಡಸ್ರಿ ಮಾಮಾ! ಇಲ್ಲಂತ ಹೇಳಿದ ಮ್ಯಾಲೂ ಅದ ಕೊಡ್ತಾರಂದ್ರ ಏನ? ಅಂಬುಲೆನ್ಸ್ ಮಾಡ್ರಿ, ಇಲ್ಲಿಗಿ ತರ್ರಿ, ಇಲ್ಲಿ ದೊಡ್ಡ ಡಾಕ್ಟರ್ ಇದ್ದಾರ!"

ಅಷ್ಟು ದೂರದ ದಾರಿ, ಆ ಗುಂಡಿಗಳು, ಅವಳ ಕಣ್ಣಿನ ಕರಿ ಮಚ್ಚೆ. ಒಯ್ದರೆ ದಾರಿಯಲ್ಲಿ ಹೋಗಿಬಿಟ್ಟರೆ? ಒಯ್ಯದೆ ಇಲ್ಲೇ ಹೋದರೆ? ಗುಳಿಗೆ ಕೊಟ್ಟು ತಪ್ಪಾದರೆ? ಬಿಟ್ಟು ತಪ್ಪಾದರೆ? ಯಾವ ಕಡೆ ಕಾಲಿಟ್ಟರೂ ನೆಲವಿಲ್ಲ. ಕಾಂತೇಶ ಫೋನನ್ನು ಹಾಗೇ ಹಿಡಿದುಕೊಂಡು ಮಲ್ಲೇಶ್ವರಿಯ ಬಳಿ ಹೋದ. ಮುಚ್ಚಿಡಬೇಕೆಂದೇ ಹೋಗಿದ್ದ. ಅವಳ ಮುಖ ನೋಡಿದ ಕೂಡಲೇ ಎಲ್ಲ ಹೇಳಿಬಿಟ್ಟ.

ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು. ಮಗ್ಗಿ ಕೇಳುವ ಧೈರ್ಯ ಅವನಿಗೆ ಬರಲಿಲ್ಲ.

"ಡಾಕ್ಟರಮ್ಮ ತಮಗೂ ಅಂಜಿಕಿ ಅದ ಅಂತ ಹೇಳಿದ್ರೇನು?" ಎಂದಳು ಕೊನೆಗೆ.

"ಹೇಳಿದ್ರು."

"ಅಂಜಿಕಿ ಇದ್ದೂ ನಿಲ್ಲಸ್ರಿ ಅನ್ನಲಿಲ್ಲ."

"ಇಲ್ಲ."

"ಹಂಗಾದ್ರ ಕೊಡ್ರಿ. ನುಂಗಾಕಿ ನಾನು. ತಪ್ಪಾದ್ರ ನಂದ. ಅಣ್ಣಗ ನಾ ಹೇಳ್ತೀನಿ." ಫೋನು ಕಸಿದುಕೊಂಡು, "ಅಣ್ಣಾ, ಅಲ್ಲೇ ಕುಂದ್ರು. ಎರಡನೇದು ಬಂದ ಮ್ಯಾಲ ಮಾತಾಡು," ಎಂದಳು. ಗುಳಿಗೆ ನುಂಗಿ ಹಾಲು ಮುಗಿಸುವ ತನಕ ಅವಳು ಕಾಂತೇಶನ ಮಣಿಕಟ್ಟನ್ನು ಉಗುರು ಊರುವಷ್ಟು ಬಿಗಿಯಾಗಿ ಹಿಡಿದುಕೊಂಡಿದ್ದಳು. ಆಗ ಅವನಿಗೆ ಗೊತ್ತಾಯಿತು, ಅವಳೂ ತನ್ನಷ್ಟೇ ಹೆದರಿದ್ದಾಳೆ.

ಮರುದಿನ ಬೆಳಗು ಹರಿಯುವಾಗ ಅವಳಿಗೆ ಮೈ ಸುಡುವ ಜ್ವರ. ಸ್ವಲ್ಪ ಹೊತ್ತಿಗೆ ಉಸಿರು ಮೇಲೆ ಮೇಲೆ ಬರತೊಡಗಿತು. ಎದ್ದು ಕುಳಿತರೂ ಸಾಲದು, ಒರಗಿದರೂ ಸಾಲದು. ತುಟಿ ನೀಲಿಗಟ್ಟುತ್ತಿತ್ತು. ಮೂಗಿಗೆ ಆಮ್ಲಜನಕದ ಕೊಳವೆ ಹಾಕಿದರು. ನರ್ಸ್ ಮಕ್ತುಂಬಿ ಕಾಂತೇಶನನ್ನು ಪರದೆಯ ಆಚೆ ನೂಕಿದಳು. ಪರದೆಯ ಸಂದಿಯಲ್ಲಿ ಅವನಿಗೆ ಕಂಡದ್ದು ಮಲ್ಲೇಶ್ವರಿಯ ಪಾದಗಳು ಮಾತ್ರ. ಬೆರಳುಗಳು ಹಾಸಿಗೆಯನ್ನು ಒತ್ತಿ ಒತ್ತಿ ಬಿಡುತ್ತಿದ್ದವು.

ಸರ್ವರಬೇಗಂ ಓಡಿಬಂದರು. ಎದೆಯ ಫೋಟೊ ತೆಗೆಸಿ, ಒಂದು ಚುಚ್ಚುಮದ್ದು ಕೊಡಿಸಿ, ಪರದೆ ಸರಿಸಿ ಹೊರಗೆ ಬಂದರು.

"ಇದು ಎರಡರಾಗ ಒಂದು. ಸೋಂಕು ಆಗಿರಬೇಕು, ಇಲ್ಲಂದ್ರ ಗುಳಿಗಿ ಕೆಲಸ ಮಾಡಾಕತ್ತದ. ಈ ಗುಳಿಗಿ ಕೆಟ್ಟ ಕೋಶ ಕೊಲ್ಲಂಗಿಲ್ಲ, ಬಲಿಸಿ ಸರಿ ಮಾಡ್ತದ. ಅವು ಒಮ್ಮಿಗೇ ಬಲಿಯಾಕತ್ತಿದ್ರ ಹಿಂಗ ಉಸರಿಗಿ ಬರ್ತದ. ಎರಡಕ್ಕೂ ಔಷಧ ಕೊಟ್ಟೀನಿ."

"ಉಳೀತಾಳೇನ್ರಿ?" ಎಂದಳು ಸಾವಿತ್ರಿಬಾಯಿ.

ಡಾಕ್ಟರು ಅವಳ ಕೈ ಹಿಡಿದುಕೊಂಡರು.

ಆ ಮುಂಜಾನೆ ಎಷ್ಟು ಉದ್ದವಾಗಿತ್ತೆಂದು ಕಾಂತೇಶನಿಗೆ ಇಂದಿಗೂ ಹೇಳಲು ಬರುವುದಿಲ್ಲ. ಯಾರೋ ಚಹಾ ತಂದು ಕೈಗಿಟ್ಟರು, ಅದು ತಣ್ಣಗಾಗಿ ಕೆನೆಗಟ್ಟಿತು. ಪಕ್ಕದ ಮಂಚದವರು ಇಡ್ಲಿ ತಿಂದರು, ನಕ್ಕರು. ಪರದೆಯ ಆಚೆಯ ಉಸಿರಿನ ಸದ್ದನ್ನೇ ಅವನು ಕೇಳುತ್ತಿದ್ದ. ಸದ್ದು ಜೋರಾದರೆ ಹೆದರಿಕೆ, ಸಣ್ಣದಾದರೆ ಇನ್ನೂ ಹೆಚ್ಚಿನ ಹೆದರಿಕೆ. ಮನಸ್ಸು ಬೇಡವೆಂದರೂ ಮುಂದಕ್ಕೆ ಹೋಗುತ್ತಿತ್ತು. ಶಹಾಪುರದ ಮನೆಯ ಬಾಗಿಲು, ಅಂಗಳದಲ್ಲಿ ಹಾಸಿದ ಜಮಖಾನ, ಬಂದು ನಿಂತ ಜನ. ಅದನ್ನು ಹಿಂದಕ್ಕೆಳೆದು ತಂದು ಮತ್ತೆ ಆ ಉಸಿರಿನ ಮೇಲೆ ಇಡುತ್ತಿದ್ದ.

ಹೈದರಾಬಾದಿನ ಫೋನು ಮೊದಲು ಡಾಕ್ಟರಿಗೆ ಬಂತು. ಓಣಿಯಂಥ ಉದ್ದನೆಯ ದಾರಿಯ ಆ ತುದಿಯಲ್ಲಿ ಅವರು ನಿಂತು ಕೇಳುವುದು ಕಾಣುತ್ತಿತ್ತು. ತಲೆ ಬಗ್ಗಿಸಿ, ಒಂದು ಕಿವಿ ಮುಚ್ಚಿಕೊಂಡು ಕೇಳಿದರು. ಮತ್ತೆ ಏನೋ ಕೇಳಿದರು. ಆಮೇಲೆ ಗೋಡೆಗೆ ಬೆನ್ನು ಕೊಟ್ಟು ನಿಂತುಬಿಟ್ಟರು. ಕಾಂತೇಶನಿಗೆ ಏಳಲಾಗಲಿಲ್ಲ.

ಅವರೇ ಬಂದರು. "ಸಿಕ್ತು," ಎಂದರು. "ಕೆಂಪು ಹಸಿರು ಕೂಡ್ಯಾವ. ಹರದ ಜಾಗಾ ಬ್ಯಾರೆ ಇತ್ತು, ಅದಕ್ಕ ನಿನ್ನಿ ತಪಾಸಣಿಗಿ ಸಿಕ್ಕಿಲ್ಲ. ಅದ ಜಾತಿ ಅದ ಕಾಂತೇಶ ಅವರ. ನಾವು ಕೊಟ್ಟ ಗುಳಿಗಿ ಬರೋಬರಿ ಅದ."

ಸಾವಿತ್ರಿಬಾಯಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಮಗಳಿಗೆ ಕ್ಯಾನ್ಸರ್ ಖಚಿತವಾಯಿತೆಂದು ಸಂತೋಷದಿಂದ ಅಳುವ ತಾಯಿಯನ್ನು ಪಕ್ಕದ ಮಂಚದವರು ಇಡ್ಲಿ ಬಿಟ್ಟು ನೋಡಿದರು.

ಉಸಿರು ಹಿಡಿತಕ್ಕೆ ಬರಲು ಇನ್ನೂ ಎರಡು ದಿನ ಹಿಡಿಯಿತು. ಅದು ಬಂದ ಮೇಲೆ ಡಾಕ್ಟರು ಎರಡನೆಯ ಔಷಧದ ಮಾತೆತ್ತಿದರು. ಅದು ರಕ್ತನಾಳದಲ್ಲಿ ಹನಿಹನಿಯಾಗಿ ಇಳಿಯುವಂಥದ್ದು, ಹೆಸರು ಆರ್ಸೆನಿಕ್. ಹಾಗೆಂದರೇನೆಂದು ಸಾವಿತ್ರಿಬಾಯಿ ಕೇಳಿದಾಗ ಅವರು ಅಲ್ಲಿಯೂ ಸುಳ್ಳು ಹೇಳಲಿಲ್ಲ.

"ಪಾಷಾಣ?" ಮುದುಕಿ ಎದ್ದು ನಿಂತಳು. "ಸುರಪುರ ಕಡಿ ತಾಂಡಾದ ಬೋರಿನ ನೀರಿನ್ಯಾಗ ಅದ ಇತ್ತಂತ, ಮಂದಿ ಅಂಗೈ ಅಂಗಾಲು ಗಂಟ ಗಂಟ ಆದ್ವಂತ. ಅದನ್ನ ನನ್ನ ಮಗಳ ನರಕ್ಕ ಹಾಕ್ತೀರಿ?"

"ಅಳತಿ ಮಾಡಿ ಹಾಕ್ತೀವಿ ಅಮ್ಮ. ದಿನಾ ಎದಿ ಬಡಿತ ನೋಡ್ತೀವಿ. ಆ ಹೊಲಿಗಿ ಬಿಚ್ಚೂದ ಇದಕ್ಕ ಗೊತ್ತದ."

ಮೊದಲ ಬಾಟಲಿ ಮುಗಿಯುವ ತನಕ ಸಾವಿತ್ರಿಬಾಯಿ ಮಗಳ ಮುಖದಿಂದ ಕಣ್ಣು ಕೀಳಲಿಲ್ಲ. ಕಾಂತೇಶ ಕೊಳವೆಯೊಳಗೆ ಬೀಳುವ ಒಂದೊಂದು ಹನಿಯನ್ನೂ ನೋಡುತ್ತಿದ್ದ. ಮಲ್ಲೇಶ್ವರಿ ಮಾತ್ರ ನಿದ್ದೆ ಹೋದಳು.

ಅವಳು ಬದುಕಿದಳು. ಕಣ್ಣಿನ ಮಚ್ಚೆ ಮಸುಕಾಗುತ್ತ ಹೋಗಿ ಒಂದು ದಿನ ಇಲ್ಲವಾಯಿತು. ಮೈಯ ಕಲೆಗಳು ಹಸಿರಾಗಿ, ಹಳದಿಯಾಗಿ ಅಳಿಸಿದವು. ಚಳಿ ಬೀಳುವ ಹೊತ್ತಿಗೆ ಅವಳನ್ನು ಮನೆಗೆ ಬಿಟ್ಟರು. ಔಷಧದ ಇನ್ನುಳಿದ ಸರದಿಗಳಿಗೆ ಬಂದುಹೋಗಬೇಕಿತ್ತು. ಮೆಹಬೂಬನೇ ಕರೆದೊಯ್ಯಲು ಬಂದ. ಭೀಮಾ ನದಿಯ ಸೇತುವೆ ದಾಟಿದ ಮೇಲೆ ಮಲ್ಲೇಶ್ವರಿ ಕಾರು ನಿಲ್ಲಿಸಲು ಹೇಳಿ, ಇಳಿದು, ನೀರಿನ ಕಡೆ ಮುಖ ಮಾಡಿ ನಿಂತಳು. ಗಾಳಿ ಅವಳ ತಲೆಗೆ ಕಟ್ಟಿದ ಬಟ್ಟೆಯನ್ನು ಎಳೆದಾಡುತ್ತಿತ್ತು. ಕಾಂತೇಶ ಇಳಿಯಲಿಲ್ಲ. ಅಷ್ಟು ದಿನ ಎಲ್ಲಿತ್ತೋ ಆ ನಡುಕ, ಆಗ ಬಂತು. ಹಲ್ಲಿಗೆ ಹಲ್ಲು ತಾಗುತ್ತಿತ್ತು. ಮೆಹಬೂಬ ಏನೂ ಕೇಳದೆ ತನ್ನ ಸ್ವೆಟರು ತೆಗೆದು ಅವನ ಹೆಗಲಿಗೆ ಹಾಕಿದ.

ಮಲ್ಲೇಶ್ವರಿ ಜೂನ್‌ನಲ್ಲಿ ಮತ್ತೆ ಶಾಲೆಗೆ ಹೋದಳು. ಈಗಲೂ ಕೆಲವು ತಿಂಗಳಿಗೊಮ್ಮೆ ಅವಳ ರಕ್ತ ಹೈದರಾಬಾದಿಗೆ ಹೋಗುತ್ತದೆ. ಆ ಹೊಲಿಗೆ ಎಲ್ಲಾದರೂ ಉಳಿದಿದೆಯೋ ಎಂದು ನೋಡುತ್ತಾರೆ. ಈ ತನಕ ಕಂಡಿಲ್ಲ. ಆದರೂ ಉತ್ತರ ಬರುವ ತನಕ ಕಾಂತೇಶನಿಗೆ ಅನ್ನ ಇಳಿಯುವುದಿಲ್ಲ. ಮನೆಯ ಪಡಸಾಲೆಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ನಡೆಯುತ್ತಾನೆ.

ಹೋದ ಸಲ ಹಾಗೆ ನಡೆಯುತ್ತಿದ್ದಾಗ ಮಲ್ಲೇಶ್ವರಿ ಮಕ್ಕಳ ಪರೀಕ್ಷೆಯ ಉತ್ತರ ತಿದ್ದುತ್ತಿದ್ದಳು. ತಲೆ ಎತ್ತಿ ನೋಡಿ, ಪಕ್ಕದ ಚಾಪೆಯನ್ನು ಕೈಯಿಂದ ತಟ್ಟಿದಳು.

"ಅಂಜೂದಿದ್ರ ಇಲ್ಲಿ ಕುಂತು ಅಂಜ್ರಿ. ನನಗೂ ಅಂಜಿಕಿ ಅದ."

ಅವನು ಹೋಗಿ ಅವಳ ಪಕ್ಕ ಕುಳಿತ.